ಸೂಜಿ ಕಂಡರೆ ಆಗದವರು 1,173 ಸಲ ಕೈ ಚಾಚಿದರು

2025ರ ಫೆಬ್ರವರಿ 17ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಜೇಮ್ಸ್ ಹ್ಯಾರಿಸನ್ ನಿದ್ದೆಯಲ್ಲೇ ತೀರಿಕೊಂಡರು. 88 ವರ್ಷ ವಯಸ್ಸು. ಸುದ್ದಿ ಹೊರಗೆ ಬಂದದ್ದು ಮಾರ್ಚ್ ಆರಂಭದಲ್ಲಿ. ಆಮೇಲೆ ಎಲ್ಲ ಕಡೆ ಒಂದೇ ಶೀರ್ಷಿಕೆ. ಚಿನ್ನದ ತೋಳಿನ ಮನುಷ್ಯ, ರಕ್ತ ಕೊಟ್ಟು 24 ಲಕ್ಷ ಮಕ್ಕಳ ಜೀವ ಉಳಿಸಿದವರು. ಜನ ಹಂಚಿಕೊಂಡರು, ಕೈ ಮುಗಿಯುವ ಚಿತ್ರ ಹಾಕಿದರು, ಮುಂದಿನ ಸುದ್ದಿಗೆ ಹೋದರು.

ಆ ಶೀರ್ಷಿಕೆ ಮನುಷ್ಯನನ್ನು ಬಿಟ್ಟು ತೋಳನ್ನು ಮಾತ್ರ ಹಿಡಿದುಕೊಂಡಿತು ಅಂತ ನನಗೆ ಅನ್ನಿಸಿತು. ಅವರ ರಕ್ತದಲ್ಲಿ ಅಪರೂಪದ್ದೊಂದು ಇತ್ತು, ನಿಜ. ಅದಕ್ಕೆ ಅವರೇನೂ ಕಷ್ಟಪಟ್ಟಿರಲಿಲ್ಲ. ಕಷ್ಟಪಟ್ಟದ್ದು ಹೋಗಿ ಬರುವುದಕ್ಕೆ. 1954ರಿಂದ 2018ರವರೆಗೆ, 64 ವರ್ಷ. ನೌಕರಿ, ಮದುವೆ, ಮಗಳು, ಮೊಮ್ಮಕ್ಕಳು, ನಿವೃತ್ತಿ, ಹೆಂಡತಿಯ ಸಾವು, ಎಲ್ಲ ಈ 64 ವರ್ಷದೊಳಗೇ ಬಂದು ಹೋದವು. ಇವೆಲ್ಲದರ ನಡುವೆ 1,173 ಸಲ ಹೋಗಿ ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ಸರಾಸರಿ ತೆಗೆದರೆ ವರ್ಷಕ್ಕೆ 18 ಸಲ. ಇದನ್ನು ಬರೆಯುವುದು ನನಗೆ ಮುಖ್ಯ ಅನ್ನಿಸುತ್ತೆ.

ಶುರುವಾದದ್ದು 1951ರಲ್ಲಿ. ಆಗ ಅವರಿಗೆ 14 ವರ್ಷ. ಎದೆಗೆ ದೊಡ್ಡ ಆಪರೇಷನ್ ಆಯಿತು, ಒಂದು ಶ್ವಾಸಕೋಶ ತೆಗೆದರು. ಮೂರು ತಿಂಗಳು ಆಸ್ಪತ್ರೆಯಲ್ಲೇ ಇದ್ದರು. 13 ಯೂನಿಟ್ ರಕ್ತ ಕೊಡಬೇಕಾಯಿತು. ಗುರುತು ಪರಿಚಯ ಇಲ್ಲದವರು ಕೊಟ್ಟ ರಕ್ತದಿಂದ ಮಗ ಉಳಿದ ಅನ್ನೋದನ್ನು ಅಪ್ಪ ಆಮೇಲೆ ಬಿಡಿಸಿ ಹೇಳಿದರಂತೆ. ವಯಸ್ಸು ತುಂಬಲಿ, ನಾನೂ ಕೊಡ್ತೀನಿ ಅಂದ ಹುಡುಗ. ಅದಕ್ಕೆ 18 ಆಗಬೇಕಿತ್ತು. 18 ತುಂಬಿದ ಕೂಡಲೇ ಹೋದರು.

ಎಲ್ಲ ವರದಿಗಳಲ್ಲೂ ಈ ಭಾಗ ಇದೆ. ಆದರೆ ಅದರೊಳಗಿನ ಒಂದು ಸಣ್ಣ ವಿಷಯವನ್ನು ಎಲ್ಲರೂ ಬೇಗ ದಾಟಿಬಿಡುತ್ತಾರೆ. ಆ ಅಪ್ಪನೂ ರಕ್ತ ಕೊಡುತ್ತಿದ್ದವರೇ. ಆಸ್ಪತ್ರೆಯ ಮಂಚದ ಮೇಲೆ ಮಕ್ಕಳು ಏನೇನೋ ಮಾತು ಕೊಡುತ್ತಾರೆ, ಮನೆಗೆ ಬಂದ ಮೇಲೆ ಮರೆಯುತ್ತಾರೆ. ಇಲ್ಲಿ ಹುಡುಗನ ಕಣ್ಣೆದುರಿಗೇ ಒಬ್ಬ ಮನುಷ್ಯ ಆ ಕೆಲಸ ಮಾಡುತ್ತಿದ್ದ. ಭಾಷಣ ಇಲ್ಲ, ಸನ್ಮಾನ ಇಲ್ಲ. ಅಪ್ಪ ಮಾಡುವ ಹತ್ತಾರು ಕೆಲಸಗಳಲ್ಲಿ ಅದೂ ಒಂದು. ನಾಲ್ಕು ವರ್ಷ ಹತ್ತಿರ ಆ ಮಾತು ನಿಂತಿತಲ್ಲ, ಅದರ ಪಾಲು ಅಪ್ಪನಿಗೂ ಸೇರಬೇಕು ಅಂತ ನನ್ನ ವಾದ. ಅಂಥ ಮನೆಯಲ್ಲಿ ರಕ್ತ ಕೊಡುವುದು ದೊಡ್ಡ ತ್ಯಾಗದಂತೆ ಕಾಣುವುದಿಲ್ಲ. ದೊಡ್ಡವರಾದ ಮೇಲೆ ಮಾಡುವ ಕೆಲಸದಂತೆ ಕಾಣುತ್ತೆ.

ಇನ್ನೊಂದು ವಿಷಯ. ಹ್ಯಾರಿಸನ್ ಅವರಿಗೆ ಸೂಜಿ ಅಂದರೆ ಆಗುತ್ತಿರಲಿಲ್ಲ. ಸೂಜಿ ಒಳಗೆ ಹೋಗುವುದನ್ನು ಒಂದು ಸಲವೂ ನೋಡಿದವರಲ್ಲ. ಮೇಲೆ ಸೀಲಿಂಗ್ ನೋಡುವುದು, ನರ್ಸ್ ಜೊತೆ ಹರಟುವುದು, ಅಷ್ಟರಲ್ಲಿ ಚುಚ್ಚಿ ಆಗಿರುತ್ತಿತ್ತು. 1,173ರಲ್ಲಿ 1,163 ಸಲ ಬಲಗೈ, ಹತ್ತೇ ಸಲ ಎಡಗೈ. ಹಾಗಾಗಿ ಚಿನ್ನದ ತೋಳು ಅಂದರೆ ಬಲತೋಳು ಅಂತಲೇ ಲೆಕ್ಕ! 1,172 ಸಲ ಚುಚ್ಚಿಸಿಕೊಂಡ ಮೇಲೂ ಆ ಮನುಷ್ಯ ಮುಖ ತಿರುಗಿಸುತ್ತಿದ್ದರು ಅನ್ನೋದು ನನಗೆ ಬಹಳ ಇಷ್ಟ. ಅಭ್ಯಾಸವಾದರೆ ಭಯ ಹೋಗುತ್ತೆ ಅಂತೀವಲ್ಲ, ಎಲ್ಲರಿಗೂ ಹಾಗೇನೂ ಆಗಲ್ಲ. ಭಯ ಹಾಗೇ ಇತ್ತು. ಇವರೂ ಹೋಗ್ತಾ ಇದ್ದರು.

ಈಗ ಆ ರಕ್ತದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸುದ್ದಿಯಲ್ಲಿ ಅಪರೂಪದ ರಕ್ತ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು.

ನಮ್ಮ ರಕ್ತದ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಅಂತ ಬರೆದಿರುತ್ತಾರಲ್ಲ, ಅದು ಆರ್‌ಎಚ್ ಡಿ ಅನ್ನೋ ಅಂಶ ಕೆಂಪು ರಕ್ತಕಣಗಳ ಮೇಲೆ ಇದೆಯೋ ಇಲ್ಲವೋ ಅನ್ನೋದರ ಗುರುತು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯ ಹೊತ್ತಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತೆ. ತಾಯಿಯ ದೇಹಕ್ಕೆ ಅದು ಹೊರಗಿನದು. ಅದರ ವಿರುದ್ಧ ಆಂಟಿಬಾಡಿ, ಅಂದರೆ ಹೊರಗಿನದನ್ನು ಗುರುತಿಸಿ ಹೊಡೆಯುವ ಅಂಶ, ತಯಾರಿಸುತ್ತೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ತೊಂದರೆ ಬರುವುದು ಮುಂದಿನ ಬಸಿರಿನಲ್ಲಿ. ಆಗ ಆ ಆಂಟಿಬಾಡಿ ಮಾಸಿನ ಮೂಲಕ ಮಗುವಿನೊಳಗೆ ಹೋಗಿ ಅದರ ಕೆಂಪು ರಕ್ತಕಣಗಳನ್ನೇ ಒಡೆದುಹಾಕುತ್ತೆ. ರಕ್ತಹೀನತೆ, ಜೋರಾದ ಕಾಮಾಲೆ, ಮೆದುಳಿಗೆ ಹಾನಿ, ಇಲ್ಲವೇ ಹೊಟ್ಟೆಯಲ್ಲೇ ಸಾವು. 1967ಕ್ಕಿಂತ ಮೊದಲು ಆಸ್ಟ್ರೇಲಿಯಾದಲ್ಲಿ ಪ್ರತಿ ವರ್ಷ ಎಷ್ಟೋ ಶಿಶುಗಳು ಹೀಗೆ ಸಾಯುತ್ತಿದ್ದವು. ಮೊದಲನೆಯದು ಚೆನ್ನಾಗಿತ್ತು, ಆಮೇಲೆ ಒಂದೂ ಉಳಿಯಲಿಲ್ಲ ಅನ್ನೋ ತಾಯಂದಿರ ಕಥೆಗಳ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತಿತ್ತು. ಶಾಪ, ದೋಷ ಅಂತ ಆ ಹೆಂಗಸರೇ ಮಾತು ಕೇಳಬೇಕಾಗಿತ್ತು.

1960ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸಿರಿಲ್ ಕ್ಲಾರ್ಕ್, ರೊನಾಲ್ಡ್ ಫಿನ್ ತಂಡ, ನ್ಯೂಯಾರ್ಕ್‌ನಲ್ಲಿ ಫ್ರೆಡಾ, ಗೋರ್ಮನ್, ಪೊಲಾಕ್ ತಂಡ, ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಉಪಾಯಕ್ಕೆ ಬಂದರು. ತಾಯಿಯ ದೇಹ ಆಂಟಿಬಾಡಿ ತಯಾರಿಸುವ ಮುಂಚೆಯೇ ಬೇರೆಯವರ ದೇಹದಲ್ಲಿ ತಯಾರಾದ ಅದೇ ಆಂಟಿಬಾಡಿಯನ್ನು ಸ್ವಲ್ಪ ಚುಚ್ಚಿಬಿಡುವುದು. ಅದು ಮಗುವಿನಿಂದ ಬಂದು ಸೇರಿದ ರಕ್ತಕಣಗಳನ್ನು ಹೊರಹಾಕುತ್ತೆ. ಮನೆಯವರಿಗೆ ಎಚ್ಚರ ಆಗುವ ಮೊದಲೇ ಅಂಗಳಕ್ಕೆ ನುಗ್ಗಿದ ದನವನ್ನು ಯಾರೋ ಓಡಿಸಿದ ಹಾಗೆ. ತಾಯಿಯ ದೇಹಕ್ಕೆ ವಿಷಯವೇ ಗೊತ್ತಾಗುವುದಿಲ್ಲ. ಇದೇ ಆಂಟಿ-ಡಿ ಇಂಜೆಕ್ಷನ್.

ಆದರೆ ಆ ಬೇರೆಯವರ ಆಂಟಿಬಾಡಿ ಎಲ್ಲಿಂದ ಬರಬೇಕು? ನೆಗೆಟಿವ್ ಗುಂಪಿನವರ ದೇಹಕ್ಕೆ ಯಾವಾಗಲೋ ಪಾಸಿಟಿವ್ ರಕ್ತ ಸೇರಿ, ಆಂಟಿಬಾಡಿ ಹುಟ್ಟಿರಬೇಕು. ಅದೂ ಜಾಸ್ತಿ ಪ್ರಮಾಣದಲ್ಲಿ ಇರಬೇಕು. ಹುಡುಕುತ್ತಾ ಹೋದಾಗ ಆಸ್ಟ್ರೇಲಿಯಾದಲ್ಲಿ ಸಿಕ್ಕವರು ಈ ರೈಲ್ವೆ ಗುಮಾಸ್ತ. 14ನೇ ವಯಸ್ಸಿನಲ್ಲಿ ಪಡೆದ ಆ ರಕ್ತದಿಂದಲೇ ಇದು ಬಂದಿರಬಹುದು ಅಂತ ವೈದ್ಯರ ಅಂದಾಜು. ಅವರನ್ನು ಉಳಿಸಿದ ಆ ಗುರುತಿಲ್ಲದವರ ಪೈಕಿ ಯಾರದೋ ರಕ್ತ ಈ ಕೆಲಸಕ್ಕೂ ದಾರಿ ಮಾಡಿಕೊಟ್ಟಿತು ಅಂತ ಆಯಿತಲ್ಲ. ಅವರ ಹೆಸರು ಎಲ್ಲೂ ಬರೆದಿಲ್ಲ.

1967ರಲ್ಲಿ ಅಲ್ಲಿ ಆಂಟಿ-ಡಿ ಕಾರ್ಯಕ್ರಮ ಶುರುವಾಯಿತು. ಹ್ಯಾರಿಸನ್ ಮೊದಲ ದಾನಿಗಳಲ್ಲಿ ಒಬ್ಬರು. ಆಗಿನ ಕಾಲಕ್ಕೆ ಅವರ ಜೀವಕ್ಕೆ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ವಿಮೆ ಮಾಡಿಸಿದ್ದರು. ಇಡೀ ರಕ್ತ ಕೊಡುವುದು ಬಿಟ್ಟು ಪ್ಲಾಸ್ಮಾ, ಅಂದರೆ ಆಂಟಿಬಾಡಿ ಇರುವ ರಕ್ತದ ದ್ರವ ಭಾಗ, ಕೊಡಲು ತೊಡಗಿದರು. ಪ್ಲಾಸ್ಮಾ ಕೊಟ್ಟರೆ ಕೆಂಪು ರಕ್ತಕಣ ವಾಪಸ್ ದೇಹಕ್ಕೇ ಬರುತ್ತೆ, ಹಾಗಾಗಿ ಎರಡು ವಾರಕ್ಕೊಮ್ಮೆ ಕೊಡಬಹುದು. ಇಡೀ ರಕ್ತವಾದರೆ ಅಲ್ಲಿ 12 ವಾರ ಕಾಯಬೇಕು. ಅವರ ಎಣಿಕೆ ಸಾವಿರ ದಾಟಿದ್ದರ ಗುಟ್ಟು ಇದು.

ಈಗ 24 ಲಕ್ಷದ ಲೆಕ್ಕಕ್ಕೆ ಬರೋಣ. ಇದನ್ನು ಎತ್ತಿದರೆ ಕೆಲವರಿಗೆ ಸಿಟ್ಟು ಬರಬಹುದು. ಸತ್ತವರ ವಿಷಯದಲ್ಲಿ ಲೆಕ್ಕ ಕೇಳಬಾರದು ಅಂತ ನಮ್ಮಲ್ಲಿ ಒಂದು ಸಂಕೋಚ ಇದೆ. ಆದರೂ ಹೇಳ್ತೀನಿ.

ಹ್ಯಾರಿಸನ್ ಅವರ ಆಂಟಿಬಾಡಿ ಸೇರಿದ 30 ಲಕ್ಷಕ್ಕೂ ಹೆಚ್ಚು ಡೋಸ್ ಆಸ್ಟ್ರೇಲಿಯಾದಲ್ಲಿ ಹೋಗಿವೆ. ಅದರಿಂದ ಸುಮಾರು 24 ಲಕ್ಷ ಶಿಶುಗಳಿಗೆ ನೆರವಾಯಿತು ಅನ್ನೋದು ಅಂದಾಜು. ಈ ಅಂದಾಜು ಸುದ್ದಿಯಾಗುವಾಗ ಜೀವ ಉಳಿಸಿದರು ಅಂತ ಬದಲಾಯಿತು. ಇಂಜೆಕ್ಷನ್ ಕೊಡದೇ ಇದ್ದರೆ ನೂರು ನೆಗೆಟಿವ್ ತಾಯಂದಿರು ಪಾಸಿಟಿವ್ ಮಗು ಹೆತ್ತಾಗ ಅವರಲ್ಲಿ ಸುಮಾರು 16 ಮಂದಿಯ ದೇಹ ಆಂಟಿಬಾಡಿ ತಯಾರಿಸುತ್ತೆ. ಆ 16ರಲ್ಲೂ ಎಲ್ಲರ ಮುಂದಿನ ಮಗುವೂ ಸಾಯುವುದಿಲ್ಲ. ಯಾರು ಆ 16 ಅಂತ ಮೊದಲೇ ಗೊತ್ತಾಗದ ಕಾರಣ ಎಲ್ಲರಿಗೂ ಕೊಡಬೇಕು, ಅದೇ ಸರಿ. ಅಂದರೆ 24 ಲಕ್ಷ ಅನ್ನೋದು ರಕ್ಷಣೆ ಸಿಕ್ಕ ಮಕ್ಕಳ ಲೆಕ್ಕ. ಇಂಜೆಕ್ಷನ್ ಇಲ್ಲದಿದ್ದರೆ ಸಾಯುತ್ತಿದ್ದ ಮಕ್ಕಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಅಲ್ಲದೆ ಈ ಔಷಧಿಯನ್ನು ಹಲವು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ತಯಾರಿಸುತ್ತಾರೆ.

ಇದರಿಂದ ಹ್ಯಾರಿಸನ್ ಸಣ್ಣವರಾಗುವುದಿಲ್ಲ. ಆಂಟಿ-ಡಿ ಪಡೆದ ತಾಯಂದಿರಲ್ಲಿ ಎಷ್ಟೋ ಮಂದಿ ಎರಡನೇ ಮಗುವಿಗೆ ಹೆದರದೆ ಬಸುರಿಯಾದರು. ಅಲ್ಲಿ ನೂರು ಗರ್ಭಿಣಿಯರಲ್ಲಿ 17 ಮಂದಿಗೆ ಈ ಇಂಜೆಕ್ಷನ್ ಬೇಕಾಗುತ್ತೆ. ಒಂದು ದೇಶದ ಮನೆಮನೆಯಿಂದ ಒಂದು ಭಯವನ್ನೇ ತೆಗೆದುಹಾಕಿದ ಕೆಲಸ ಇದು. ಅದರಲ್ಲಿ ಇವರದು ದೊಡ್ಡ ಪಾಲು. ಇಷ್ಟು ಹೇಳಿದರೆ ಸಾಲದಾ? ಉತ್ಪ್ರೇಕ್ಷೆ ಮಾಡಿದಾಗ ಆಗುವ ನಷ್ಟ ಬೇರೆಯೇ. ಓದಿದವನು, ಅಯ್ಯೋ ಇದು ದೇವರಂಥವರು ಮಾಡುವ ಕೆಲಸ, ನನಗೆಲ್ಲಿ ಸಾಧ್ಯ ಅಂದುಕೊಂಡು ಕೈ ಮುಗಿದು ಹೋಗುತ್ತಾನೆ.

ಈ ಸಾಲಿನಲ್ಲಿ ಇನ್ನೂ ಕೆಲವರು ಇದ್ದಾರೆ. ನ್ಯೂಯಾರ್ಕ್ ತಂಡ ತನ್ನ ಮೊದಲ ಪರೀಕ್ಷೆಗಳನ್ನು ಮಾಡಿದ್ದು ಸಿಂಗ್ ಸಿಂಗ್ ಜೈಲಿನ ಕೈದಿಗಳ ಮೇಲೆ. ನೆಗೆಟಿವ್ ಗುಂಪಿನ ಕೈದಿಗಳು ಪಾಸಿಟಿವ್ ರಕ್ತಕಣ ಚುಚ್ಚಿಸಿಕೊಂಡರು. ಜೈಲಿನೊಳಗೆ ಒಪ್ಪಿಗೆ ಅಂದರೆ ಎಷ್ಟರ ಮಟ್ಟಿನ ಒಪ್ಪಿಗೆ ಅನ್ನೋ ಪ್ರಶ್ನೆ ಇದ್ದೇ ಇದೆ, ಇವತ್ತು ಅಂಥದ್ದಕ್ಕೆ ಸುಲಭವಾಗಿ ಅನುಮತಿ ಸಿಗಲ್ಲ. ಆದರೆ ಅವರಿಲ್ಲದೆ ಈ ಕಥೆ ಇಲ್ಲ. ಅವರನ್ನು ಚಿನ್ನದ ತೋಳಿನವರು ಅಂತ ಯಾರೂ ಕರೆಯಲಿಲ್ಲ.

ಸರಿ, ಮನೆಯ ಕಡೆಗೆ ಬರೋಣ. ನಾನು ಬರೆಯಲು ಕೂತದ್ದೇ ಇದಕ್ಕೆ.

ಸಮಾಜಸೇವೆ ಮಾಡಿದವರ ಬಗ್ಗೆ ಬರೆಯುವಾಗ ನಮ್ಮಲ್ಲಿ ಒಂದು ಅಚ್ಚು ಸಿದ್ಧವಾಗಿದೆ. ಅವರು ಮನೆ ಮರೆತರು, ಹೆಂಡತಿ ಮಕ್ಕಳ ಕಡೆ ನೋಡಲಿಲ್ಲ, ಇದ್ದದ್ದನ್ನೆಲ್ಲ ಊರಿಗೆ ಕೊಟ್ಟರು. ಇದನ್ನು ಹೊಗಳಿಕೆ ಅಂತಲೇ ಬರೆಯುತ್ತೇವೆ. ಆ ಹೊಗಳಿಕೆಯ ಬೆಲೆ ಕೊಟ್ಟವರು ಮನೆಯೊಳಗಿನವರು ಅಂತ ಯೋಚಿಸುವುದು ಕಡಿಮೆ. ಮನೆಯನ್ನು ಚೆನ್ನಾಗಿ ನೋಡಿಕೊಂಡವರಿಗೆ ಇನ್ನೊಂದು ಅಚ್ಚು. ಆದರ್ಶ ಪತಿ, ವಾತ್ಸಲ್ಯದ ತಂದೆ, ಮುಗೀತು. ಎರಡೂ ಒಬ್ಬರಲ್ಲೇ ಇದ್ದರೆ ನಮಗೆ ಬರೆಯಲು ಬರುವುದಿಲ್ಲ. ಜಗಳ ಇಲ್ಲದ ಕಡೆ ಕಥೆ ಇಲ್ಲ ಅಂದುಕೊಂಡಿದ್ದೇವೆ.

ಹ್ಯಾರಿಸನ್ ಸಂಬಳಕ್ಕೆ ದುಡಿದ ಗುಮಾಸ್ತ. ಮದುವೆಯಾಗಿ, ಮಗಳನ್ನು ಬೆಳೆಸಿದರು. ಹೆಂಡತಿಯೂ ರಕ್ತ ಕೊಡುತ್ತಿದ್ದವರು. ಅವರ ಸೇವೆ ಮನೆಯ ಅನ್ನ ಕಸಿಯಲಿಲ್ಲ. ಎರಡು ಮೂರು ವಾರಕ್ಕೊಮ್ಮೆ ಅರ್ಧ ದಿನ ಕೇಳುತ್ತಿತ್ತು, ಅಷ್ಟೇ. ಮನೆಯಿಂದ ಸಿಡ್ನಿಯ ಕೇಂದ್ರಕ್ಕೆ ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ, ಅಲ್ಲಿ ಕುರ್ಚಿಯಲ್ಲಿ ಮುಕ್ಕಾಲು ಗಂಟೆಯ ಆಸುಪಾಸು, ಮತ್ತೆ ವಾಪಸ್. ಆಸ್ಟ್ರೇಲಿಯಾದಲ್ಲಿ ರಕ್ತಕ್ಕಾಗಲೀ ಪ್ಲಾಸ್ಮಾಕ್ಕಾಗಲೀ ದಾನಿಗಳಿಗೆ ದುಡ್ಡು ಕೊಡುವುದಿಲ್ಲ. ಅಮೆರಿಕದಲ್ಲಿ ಪ್ಲಾಸ್ಮಾಕ್ಕೆ ಕೊಡುತ್ತಾರೆ.

ಇಷ್ಟು ವರ್ಷ ನಡೆದದ್ದು ಅದು ಸಣ್ಣದಾಗಿದ್ದಕ್ಕೇ ಅಂತ ನನ್ನ ನಂಬಿಕೆ. ಉಪ್ಪು ಹುಳಿ ತಿನ್ನುವ ಮನುಷ್ಯ, ಸಂಸಾರ ಇರುವವನು, ಅರವತ್ತು ವರ್ಷ ಮಾಡಬಲ್ಲ ಕೆಲಸ ಹೇಗಿರುತ್ತೆ ಅಂದರೆ ಹೀಗಿರುತ್ತೆ. ದೊಡ್ಡದಾಗಿ ಶುರುಮಾಡಿ ಮೂರನೇ ವರ್ಷಕ್ಕೆ ಸುಸ್ತಾಗಿ, ಜನ ಸರಿಯಿಲ್ಲ ಅಂತ ಬೈದುಕೊಂಡು ಬಿಟ್ಟವರನ್ನು ನಾವೆಲ್ಲ ನೋಡಿದ್ದೇವೆ. ಅವರ ಉದ್ದೇಶ ಕೆಟ್ಟದ್ದಲ್ಲ. ಹೊತ್ತ ಭಾರ ಬದುಕಿನ ಅಳತೆಗೆ ಹೊಂದಲಿಲ್ಲ, ಅಷ್ಟೇ.

ಮನೆಗೂ ಆ ಕೆಲಸಕ್ಕೂ ನಡುವೆ ಒಂದು ದಾರಿಯೂ ತಾನಾಗಿಯೇ ಬಿದ್ದಿತು. ಅವರ ಮಗಳಿಗೂ ಬಸುರಿಯಾಗಿದ್ದಾಗ ಆಂಟಿ-ಡಿ ಬೇಕಾಯಿತು. ಮುಂದೆ ಮೊಮ್ಮಗನ ಹೆಂಡತಿಗೂ ಬೇಕಾಯಿತು. ಅಪ್ಪನ ದಾನ ಇಲ್ಲದಿದ್ದರೆ ನಮ್ಮ ಕುಟುಂಬವೇ ಇರುತ್ತಿರಲಿಲ್ಲವೇನೋ ಅನ್ನೋ ಅರ್ಥದ ಮಾತನ್ನು ಮಗಳು ಅವರ ಸಾವಿನ ನಂತರ ಹೇಳಿದ್ದಾರೆ. ಗುರುತಿಲ್ಲದ ತಾಯಂದಿರಿಗೆ ಅಂತ ಕೊಟ್ಟದ್ದು ಸುತ್ತಿ ಬಂದು ಸ್ವಂತ ಮಗಳ ತೋಳಿಗೂ ಸೇರಿತು. ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತೆ ಅನ್ನೋ ಸಾಕ್ಷಿಗೆ ಇದನ್ನು ಬಳಸಬೇಡಿ ದಯವಿಟ್ಟು. ನೂರರಲ್ಲಿ 17 ಗರ್ಭಿಣಿಯರಿಗೆ ಬೇಕಾಗುವ ಔಷಧಿ ಅವರ ಮನೆಗೂ ಬೇಕಾದದ್ದು ಅಷ್ಟೇನೂ ವಿಚಿತ್ರ ಅಲ್ಲ. ಸಮಾಜ, ಮನೆ ಅಂತ ನಾವು ಗೆರೆ ಎಳೆಯುತ್ತೇವಲ್ಲ, ರಕ್ತದ ಚೀಲದ ಮೇಲೆ ಆ ಗೆರೆ ಇರಲ್ಲ ಅನ್ನೋದು ಮಾತ್ರ ಇದರಲ್ಲಿ ಕಾಣುತ್ತೆ.

2005ರಲ್ಲಿ ಹೆಂಡತಿ ತೀರಿಕೊಂಡರು. ಆ ಕಷ್ಟದ ದಿನಗಳಲ್ಲೂ ಅವರು ಪ್ಲಾಸ್ಮಾ ಕೊಡುವುದನ್ನು ನಿಲ್ಲಿಸಲಿಲ್ಲ. ಇದನ್ನು ಬಹಳ ಮಂದಿ ತ್ಯಾಗ ಅಂತ ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸಂಗಾತಿ ಹೋದ ಮೇಲೆ ವಯಸ್ಸಾದ ಗಂಡಸರಿಗೆ ದಿನ ಕಳೆಯುವುದೇ ಕಷ್ಟ. ಹೊರಗೆ ಹೋಗಲು ಕಾರಣ ಬೇಕು. ಹೆಸರು ಹಿಡಿದು ಮಾತಾಡಿಸುವ ನರ್ಸ್ ಬೇಕು. ಮುಂದಿನ ಸಲ ಯಾವಾಗ ಬರ್ತೀರಿ ಅಂತ ಯಾರಾದರೂ ಕೇಳಬೇಕು. ಅವರು ಕೊಟ್ಟದ್ದು ಎಷ್ಟೋ, ಆ ಕುರ್ಚಿಯೂ ಅವರಿಗೆ ಅಷ್ಟೇ ಕೊಟ್ಟಿರಬಹುದು ಅಂತ ನನ್ನ ಊಹೆ. ಸೇವೆ ಮಾಡಿದವರು ಏನನ್ನೂ ಪಡೆಯಲೇಬಾರದು ಅನ್ನೋ ಹಟ ನಮಗೆ ಯಾಕೆ?

2018ರ ಮೇ 11ರಂದು ಕೊನೆಯ ಸಲ ಕೊಟ್ಟರು. ಆಗ ಅವರಿಗೆ 81. ಅಲ್ಲಿನ ನಿಯಮದಂತೆ ಅದಕ್ಕಿಂತ ಮುಂದೆ ಕೊಡುವ ಹಾಗಿಲ್ಲ. ಕುರ್ಚಿಯ ಮೇಲೆ 1, 1, 7, 3 ಅಂತ ಬೆಳ್ಳಿ ಬಣ್ಣದ ಬಲೂನು ಕಟ್ಟಿದ್ದರು. ಆಂಟಿ-ಡಿ ಪಡೆದ ಕೆಲವು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಬಿಟ್ಟಿದ್ದರೆ ಇನ್ನೂ ಕೊಡುತ್ತಿದ್ದರು ಅನ್ನೋದರಲ್ಲಿ ನನಗಂತೂ ಅನುಮಾನ ಇಲ್ಲ.

ಅವರ ದೇಶ 1999ರಲ್ಲೇ ಮೆಡಲ್ ಆಫ್ ದಿ ಆರ್ಡರ್ ಆಫ್ ಆಸ್ಟ್ರೇಲಿಯಾ ಕೊಟ್ಟು ಗೌರವಿಸಿತ್ತು. ಅತಿ ಹೆಚ್ಚು ಪ್ಲಾಸ್ಮಾ ಕೊಟ್ಟ ವಿಶ್ವದಾಖಲೆಯೂ 2005ರಿಂದ ಅವರ ಹೆಸರಲ್ಲಿತ್ತು. ದಾಖಲೆಯ ಬಗ್ಗೆ ಅವರು ಹೇಳುತ್ತಿದ್ದದ್ದು ಒಂದೇ. ಇದನ್ನು ಯಾರಾದರೂ ಮುರಿಯಲಿ, ಮುರಿದರೆ ಈ ಕೆಲಸಕ್ಕೆ ಅಷ್ಟು ಅಂಟಿಕೊಂಡವರು ಇನ್ನೊಬ್ಬರು ಸಿಕ್ಕರು ಅಂತ ಅರ್ಥ. 2022ರಲ್ಲಿ ಅಮೆರಿಕದ ಒಬ್ಬರು ಮುರಿದರು. ಹ್ಯಾರಿಸನ್ ಬದುಕಿರುವಾಗಲೇ ಇದಾಯಿತು. ತನ್ನ ದಾಖಲೆ ಮುರಿಯಲಿ ಅಂತ ಬಯಸಿ, ಅದು ಮುರಿದ ಕಾಲವನ್ನೂ ಕಂಡವರು ಎಷ್ಟು ಜನ ಇದ್ದಾರೋ!

ಈಗ ಆಸ್ಟ್ರೇಲಿಯಾದಲ್ಲಿ ಆಂಟಿ-ಡಿ ದಾನಿಗಳು 200ಕ್ಕಿಂತ ಕಡಿಮೆ. ವರ್ಷಕ್ಕೆ ಸುಮಾರು 45,000 ತಾಯಂದಿರು ಮತ್ತು ಅವರ ಮಕ್ಕಳಿಗೆ ಇವರೇ ಆಸರೆ. ಹೊಸ ದಾನಿಗಳು ಸಿಗುವುದು ಕಷ್ಟ, ಯಾಕೆಂದರೆ ಹ್ಯಾರಿಸನ್ ಅವರ ದೇಹದಲ್ಲಿ ಆಕಸ್ಮಿಕವಾಗಿ ಆದದ್ದು ಬೇಕು ಅಂದಾಗ ಎಲ್ಲರಲ್ಲೂ ಆಗಲ್ಲ. ಅದಕ್ಕೇ ರಕ್ತಸೇವಾ ಸಂಸ್ಥೆ ಲೈಫ್‌ಬ್ಲಡ್ ಮತ್ತು ಮೆಲ್ಬರ್ನಿನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಶೋಧನಾ ಸಂಸ್ಥೆ ಸೇರಿ ಹ್ಯಾರಿಸನ್ ಮತ್ತು ಇತರ ದಾನಿಗಳ ರಕ್ತಕಣಗಳಿಂದ ಈ ಆಂಟಿಬಾಡಿಯನ್ನು ಲ್ಯಾಬ್‌ನಲ್ಲೇ ಬೆಳೆಸಲು ನೋಡುತ್ತಿವೆ. ಯೋಜನೆಗೆ ಇಟ್ಟ ಹೆಸರು ಜೇಮ್ಸ್ ಇನ್ ಎ ಜಾರ್. ಹೆಸರು ಸ್ವಲ್ಪ ತಮಾಷೆಯದು, ಆದರೆ ಶಿಲಾಫಲಕಕ್ಕಿಂತ ನನಗೆ ಇದೇ ಇಷ್ಟವಾಯಿತು. ಅದು ಕೈಗೂಡಿದರೆ ಸೂಜಿಗೆ ಹೆದರುವ ಇನ್ನೊಬ್ಬರು ಅರವತ್ತು ವರ್ಷ ರೈಲು ಹತ್ತಬೇಕಾಗಿಲ್ಲ.

ಇಷ್ಟು ಉದ್ದ ಓದಿದವರಿಗೆ ಒಂದು ಕೆಲಸದ ಮಾತು. ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ನೆಗೆಟಿವ್ ಗುಂಪಿನ ಗರ್ಭಿಣಿ ಇದ್ದರೆ ಆಂಟಿ-ಡಿ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಲು ಹೇಳಿ. ಸಾಮಾನ್ಯವಾಗಿ 28ನೇ ವಾರದ ಸುಮಾರಿಗೆ ಒಂದು ಇಂಜೆಕ್ಷನ್ ಇರುತ್ತೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದಾಗಲೂ, ಬಸುರಿಯ ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಬೇಕಾಗಬಹುದು. ಗಡಿಬಿಡಿಯಲ್ಲಿ ಜನ ಮರೆಯುವುದು ಗರ್ಭಪಾತದ ಹೊತ್ತಿನಲ್ಲೇ ಜಾಸ್ತಿ, ಆ ಮಾತನ್ನು ತಪ್ಪದೆ ಕೇಳಿ.